ಮಿಹ್ರಾಬ್‌ಗೆ ಕನ್ನಡದಲ್ಲಿ ಏನನ್ನಬೇಕು? (ತುರ್ತು)

ಧಾರವಾಡದಿಂದ:
ಎಲ್ಲರಿಗೂ ನಮಸ್ಕಾರ. ಮಸೀದಿಗಳ ಒಳಗಿನ ಕೆಲಸದ ಫೋಟೊ ಪ್ರದರ್ಶನಕ್ಕೆ ಬೋರ್ಡು ಬರೆಯುತ್ತಿದ್ದೇನೆ. ಫ್ಲೆಕ್ಸ್ ಅಂಗಡಿಯವರು ಸಂಜೆ 5ರೊಳಗೆ ಮ್ಯಾಟರ್ ಕೊಡಿ ಅಂದಿದ್ದಾರೆ. ಮೊದಲ ಫೋಟೊ ವಿಜಯಪುರದ ಜಾಮಿ ಮಸೀದಿಯ ಮಿಹ್ರಾಬ್, ಅಂದರೆ ನಮಾಜಿಗೆ ನಿಂತವರು ಮುಖ ಮಾಡುವ ಮೆಕ್ಕಾ ದಿಕ್ಕಿನ ಗೋಡೆಯಲ್ಲಿ ಕಮಾನಿನಂತೆ ಒಳಸರಿದಿರುವ ಜಾಗ. ಮಹಮ್ಮದ್ ಆದಿಲ್ ಶಾಹನ ಕಾಲದ್ದು, 1636. ಮೈತುಂಬ ಚಿನ್ನದ ಬಣ್ಣ. ಗೋಡೆಯ ಮೇಲೆ ಬರೀ ಬಣ್ಣದಲ್ಲೇ ಗೂಡುಗಳನ್ನು ಬರೆದು, ಒಳಗೆ ಪುಸ್ತಕ, ಹೂಜಿ ಇಟ್ಟಂತೆ ತೋರಿಸಿದ್ದಾರೆ. ನಾನು ‘ಕಮಾನು’ ಅಂತ ಹಾಕಿದ್ದೆ. ಆದರೆ ಮುಂದಿನ ಸಾಲಿನಲ್ಲೇ ನಿಜವಾದ ಕಮಾನುಗಳು ಬರುತ್ತವೆ. ಓದುವವರಿಗೆ ಗೊಂದಲ ಅಲ್ವಾ? ಒಂದು ಪದ ಕೊಡಿ.

ಗದಗದಿಂದ:
‘ಪಡುಗೂಡು’. ಅದು ಪಡುವಣ ಗೋಡೆಯಲ್ಲೇ ಇರುತ್ತದೆ. ಬೇಕಾದರೆ ಲಕ್ಷ್ಮೇಶ್ವರದ ಜಾಮಿಯಾ ಮಸೀದಿಗೆ ಹೋಗಿ ನೋಡಿ. ಅಚ್ಚಗನ್ನಡ ಇರುವಾಗ ಅರಬ್ಬಿ ಏಕೆ? ಅದೂ ಅಲ್ಲದೆ ಮಿಹ್ರಾಬ್ ಹುಟ್ಟಿದ್ದು ‘ಹರ್ಬ್’ನಿಂದ. ಹರ್ಬ್ ಅಂದ್ರೆ ಯುದ್ಧ. ಪ್ರಾರ್ಥನೆಯ ಜಾಗಕ್ಕೆ ಯುದ್ಧದ ಹೆಸರು ಬೇಕೆ?

ಹುಬ್ಬಳ್ಳಿಯಿಂದ:
ಸರ್, ಪಡುವಣ ನಮಗಷ್ಟೇ. ಮೆಕ್ಕಾ ನಮಗೆ ಪಶ್ಚಿಮಕ್ಕಿದೆ. ಕೈರೋದವರಿಗೆ ಆಗ್ನೇಯಕ್ಕೆ. ಸ್ಪೇನಿನ ಕಾರ್ಡೋಬಾದ ಹಳೇ ಮಸೀದಿಯ ಮಿಹ್ರಾಬ್ ದಕ್ಷಿಣದ ಗೋಡೆಯಲ್ಲಿದೆ. ಅದರ ಫೋಟೊ ಬಂದರೆ ‘ತೆಂಕುಗೂಡು’ ಅಂತ ಬರೆಸುತ್ತೀರಾ?

ಹರ್ಬ್ ಮಾತು ಬಿಡಿ. ಎರಡು ಪದಗಳಲ್ಲಿ ಹ, ರ, ಬ ಎಂಬ ಮೂರು ವ್ಯಂಜನ ಒಂದೇ ಆದ ಮಾತ್ರಕ್ಕೆ ಅರ್ಥವೂ ಒಂದೇ ಆಗಬೇಕೆಂದಿಲ್ಲ. ಕುರಾನಿನಲ್ಲಿ ಯೇಸುವಿನ ತಾಯಿ ಮರಿಯಮ್ ಇದ್ದ ಕೋಣೆಗೂ ಮಿಹ್ರಾಬ್ ಎಂಬ ಇದೇ ಪದ. ಅಲ್ಲಿ ಯಾವ ಯುದ್ಧ ನಡೆದಿತ್ತು?

ಕೇಳಿದವರ ಗೊಂದಲಕ್ಕೆ ಕಾರಣ ಬೇರೆ. ಉರ್ದುವಿನಲ್ಲಿ ಮೆಹ್ರಾಬ್ ಅಂದರೆ ಆ ಗೂಡೂ ಹೌದು, ಯಾವುದೇ ಕಮಾನೂ ಹೌದು. ಕನ್ನಡದಲ್ಲಿ ಕಮಾನು ಬೇರೆಯೇ ಇದೆ. ಹಾಗಾಗಿ ಗೂಡಿಗೆ ಮಿಹ್ರಾಬ್ ಅಂತಲೇ ಇಡಿ.

ಗದಗದಿಂದ:
ಕಮಾನು ಕನ್ನಡ. ಅದನ್ನೇ ಉಳಿಸಿಕೊಳ್ಳಿ, ಮುಗಿಯಿತು.

ಹುಬ್ಬಳ್ಳಿಯಿಂದ:
ಕಮಾನು ಪಾರ್ಸಿ. ಬಿಲ್ಲು ಅಂತ ಅರ್ಥ. ಗುಮ್ಮಟವೂ ಪಾರ್ಸಿಯ ಗುಂಬದ್. ನೀವು ಕೂತ ಕುರ್ಚಿ ಅರಬ್ಬಿ, ಬರೆಯುವ ಕಾಗದ ಪಾರ್ಸಿ. ಎದ್ದು ನಿಂತು ಬರೆಯಿರಿ.

ಹಾವೇರಿಯಿಂದ:
ಇಬ್ಬರೂ ಸ್ವಲ್ಪ ತಡೀರಿ. ನಮ್ಮ ಕಡೆ ಹಳೇ ಮನೆಗಳ ಗೋಡೆಯಲ್ಲಿ ದೀಪ ಇಡುವ ಗೂಡಿಗೆ ‘ಮಾಡ’ ಅಂತಾರೆ. ಕುರಾನಿನ ಬೆಳಕಿನ ವಾಕ್ಯದಲ್ಲೂ ದೇವರ ಬೆಳಕನ್ನು ಗೂಡಿನೊಳಗಿನ ದೀಪಕ್ಕೆ ಹೋಲಿಸಿದೆ. ಅಲ್ಲಿ ಗೂಡಿಗೆ ‘ಮಿಷ್ಕಾತ್’ ಎಂಬ ಪದ. ಅದಕ್ಕೇ ಎಷ್ಟೋ ಮಿಹ್ರಾಬ್‌ಗಳ ನಡುವೆ ತೂಗುವ ದೀಪ ಕೆತ್ತಿರುತ್ತಾರೆ. ನಮ್ಮಜ್ಜಿ ನೋಡಿದ್ದರೆ ಮಾಡ ಅಂತಲೇ ಅಂದಿರುತ್ತಿದ್ದಳು. ಆದರೆ ಮಿಹ್ರಾಬ್‌ನಲ್ಲಿ ಏನನ್ನೂ ಇಡುವುದಿಲ್ಲ. ಅದು ಖಾಲಿ. ದಿಕ್ಕು ತೋರಿಸುವುದೇ ಅದರ ಕೆಲಸ. ‘ಗರ್ಭಗುಡಿ’ ಅಂತ ಅನುವಾದ ಮಾಡಿದ್ದನ್ನೂ ಒಮ್ಮೆ ನೋಡಿದ್ದೆ, ಅದು ಪೂರಾ ತಪ್ಪು. ಹೆಸರು ಮಿಹ್ರಾಬ್ ಇರಲಿ, ವಿವರಣೆಗೆ ‘ಗೂಡು’ ಬಳಸಿ. ‘ಮಾಡ’ ನನಗೆ ಇಷ್ಟ, ಆದರೆ ಮೈಸೂರಿನವರು ಬಂದರೆ ಅದಕ್ಕೂ ವಿವರಣೆ ಕೊಡಬೇಕಾಗುತ್ತದೆ!

ಗದಗದಿಂದ:
ಕುರ್ಚಿ ಎಂದೋ ಬಂದು ಹಳೆಯದಾಗಿದೆ. ಹೊಸದಾಗಿ ತರುವುದು ಬೇರೆ. ಹೀಗೇ ಬಿಟ್ಟರೆ ಕನ್ನಡದಲ್ಲಿ ಪ್ರತ್ಯಯ ಮಾತ್ರ ಉಳಿಯುತ್ತದೆ.

ಹುಬ್ಬಳ್ಳಿಯಿಂದ:
ನೀವೇ ತೋರಿಸಿದ ಲಕ್ಷ್ಮೇಶ್ವರದ ಮಸೀದಿ 1617ರದ್ದು. ಅಲ್ಲಿ ನಮಾಜಿಗೆ ನಿಲ್ಲುವವರೂ ಕನ್ನಡ ಮಾತಾಡುವವರೇ. ಅವರ ಬಾಯಲ್ಲಿರುವ ಪದ ಇನ್ನೆಷ್ಟು ಹಳೆಯದಾಗಬೇಕು?

ಧಾರವಾಡದಿಂದ:
4:40 ಆಯಿತು. ‘ಮಿಹ್ರಾಬ್: ಮೆಕ್ಕಾದ ದಿಕ್ಕು ತೋರುವ ಗೂಡು’ ಅಂತ ಕಳಿಸಿಬಿಟ್ಟೆ. ಹಾವೇರಿಯವರಿಗೆ ಥ್ಯಾಂಕ್ಸ್. ಇನ್ನೊಂದು ಬೋರ್ಡು ಉಳಿದಿದೆ. ಮಿಹ್ರಾಬ್‌ನ ಬಲಗಡೆ ಇರುವ ಮಿಂಬರ್, ಅದೇ ಮೆಟ್ಟಿಲು ಹತ್ತಿ ಶುಕ್ರವಾರ ಪ್ರವಚನ ಕೊಡುತ್ತಾರಲ್ಲ, ಅದಕ್ಕೆ? ‘ಪೀಠ’ ಅಂತ ಮಾತ್ರ ಹೇಳಬೇಡಿ.