ಕುಡ್ಲೆ ಬೀಚಿನ ಗುಡಿಸಲಿಗೆ ಹಾವು ಬರುತ್ತದಾ? ನಿಜ ಹೇಳಿ

ಬೆಣ್ಣೆದೋಸೆ:

ಮೊದಲೇ ಹೇಳಿಬಿಡುತ್ತೇನೆ. ದಯವಿಟ್ಟು ಯಾರೂ ಫೋಟೋ ಹಾಕಬೇಡಿ. ತಮಾಷೆಗೂ ಬೇಡ. ಹಾವಿನ ಫೋಟೋ ಕಂಡರೆ ಮೊಬೈಲ್ ಎಸೆದುಬಿಡುತ್ತೇನೆ. ಸುಮ್ನೆ ಹೇಳುತ್ತಿಲ್ಲ, ಹೋದ ವರ್ಷ ಸ್ಕ್ರೀನ್ ಒಡೆದಿದ್ದೇ ಹಾಗೆ.

ದಸರಾ ರಜೆಗೆ ಗೋಕರ್ಣಕ್ಕೆ ಹೊರಟಿದ್ದೇವೆ. ನಾನು, ನಮ್ಮನೆಯವರು, ಮೂರನೇ ಕ್ಲಾಸಿನ ಮಗಳು, ಅತ್ತೆ. ಅತ್ತೆಗೆ ಮಹಾಬಲೇಶ್ವರನ ದರ್ಶನ, ಮಗಳಿಗೆ ಸಮುದ್ರ, ಇವರಿಗೆ ಮೀನೂಟ. ನನಗೆ ನಿದ್ದೆ ಇಲ್ಲದ ರಾತ್ರಿ. ಯಾಕೆ ಅಂದರೆ ಇವರು ಬುಕ್ ಮಾಡಿರುವುದು ಕುಡ್ಲೆ ಬೀಚಿನ ಒಂದು ಗುಡಿಸಲು. ತೆಂಗಿನ ಗರಿಯ ಮಾಡು, ಸಗಣಿ ಸಾರಿಸಿದ ನೆಲ, ನೆಲದ ಮೇಲೇ ಹಾಸಿಗೆ, ಬಚ್ಚಲು ಹೊರಗೆ. "ನ್ಯಾಚುರಲ್ ಆಗಿದೆ ಅಲ್ವಾ" ಅನ್ನುತ್ತಾರೆ. ನ್ಯಾಚುರಲ್ ಆಗಿದೆ ಅನ್ನುವುದೇ ನನ್ನ ಭಯ.

ಮೊದಲು ಅಂಡಮಾನ್ ಅಂದಿದ್ದರು. ಅಲ್ಲಿ ಸಮುದ್ರದ ಹಾವು ದಡಕ್ಕೇ ಬಂದು ಮಲಗುತ್ತದೆ ಅಂತ ಎಲ್ಲೋ ಓದಿ ನಾನೇ ತಪ್ಪಿಸಿದೆ. ಈಗ ಗೋಕರ್ಣಕ್ಕೂ ಅದೇ ರಾಗ ತೆಗೆದರೆ ಮನೆಯಲ್ಲಿ ಜಗಳ ಗ್ಯಾರಂಟಿ.

ಮರಳಿನಲ್ಲಿ ಹಾವು ಇರುತ್ತದಾ? ನೀರಿನಲ್ಲಿ ಮಗಳ ಕಾಲಿಗೆ ಸುತ್ತಿಕೊಂಡರೆ? ಕುಡ್ಲೆಯಿಂದ ಓಂ ಬೀಚಿಗೆ ಗುಡ್ಡದ ಮೇಲೆ ನಡೆದು ಹೋಗುತ್ತಾರಂತೆ, ಆ ದಾರಿ ಹೇಗೆ? ರಾತ್ರಿ ಬಚ್ಚಲಿಗೆ ಹೋಗಬೇಕಾದರೆ? ಕಚ್ಚೇಬಿಟ್ಟರೆ ಇಂಜೆಕ್ಷನ್ ಎಲ್ಲಿ ಸಿಗುತ್ತದೆ?

"ಧೈರ್ಯವಾಗಿರಿ", "ಅದೇ ನಿಮಗೆ ಹೆದರುತ್ತದೆ" ಅನ್ನುವ ಉತ್ತರ ಬೇಡ. ಅದು ಹೆದರಲಿ, ಬಿಡಲಿ, ನನ್ನ ಹೆದರಿಕೆ ಅದರಿಂದ ಕಮ್ಮಿ ಆಗಲ್ಲ. ಎಲ್ಲಿ ಇರುತ್ತದೆ, ಎಲ್ಲಿ ಇರಲ್ಲ ಅಂತ ಒಂದು ನಕ್ಷೆ ಬೇಕು, ಅಷ್ಟೆ. ಅತ್ತೆ ಮಾತ್ರ ಆರಾಮಾಗಿದ್ದಾರೆ. "ಸುಬ್ರಹ್ಮಣ್ಯಂಗೆ ಮುಡಿಪು ಕಟ್ಟಿಟ್ಟೀನಿ, ಸುಮ್ನೆ ಬಾ" ಅಂದರು.

ಚುರುಮುರಿ:

ಗೋಕರ್ಣದ ಬೀಚಿನಲ್ಲಿ ಹೆದರಬೇಕಾದ ಪ್ರಾಣಿ ಹಸು. ನಾನು ನೀರಿನಿಂದ ಎದ್ದು ಬರುವಷ್ಟರಲ್ಲಿ ನನ್ನ ಬ್ಯಾಗಿನಲ್ಲಿದ್ದ ಬಾಳೆಹಣ್ಣು, ಬನ್ನು, ಜೊತೆಗೆ ಟವೆಲ್ಲಿನ ಒಂದು ಮೂಲೆ ಖಾಲಿ. ಓಡಿಸಲು ಹೋದರೆ ಅದೇ ನನ್ನನ್ನು ಓಡಿಸಿತು. ಹಾವು ಕಾಣಲಿಲ್ಲ.

ಅಘನಾಶಿನಿ:

ಅಕ್ಕಾ, ನಕ್ಷೆ ಕೇಳಿದ್ದೀರಿ, ಕೊಡುತ್ತೇನೆ. ನಾನು ಗೋಕರ್ಣದ ಪಕ್ಕದ ತದಡಿ ಕಡೆಯವನು. ಕೆಲವು ಸೀಸನ್ ಕುಡ್ಲೆಯಲ್ಲಿ ರೂಮು ನೋಡಿಕೊಳ್ಳುವ ಕೆಲಸ ಮಾಡಿದ್ದೇನೆ. ಹಾಗಾಗಿ ಎಲ್ಲಿ ಕಂಡಿದೆ, ಎಲ್ಲಿ ಕಂಡಿಲ್ಲ ಅಂತ ಗೊತ್ತು.

ನೀರಿನಿಂದಲೇ ಶುರು ಮಾಡುತ್ತೇನೆ. ನಮ್ಮ ಕಡಲಿನಲ್ಲಿ ಕಡಲ ಹಾವು ಇದೆ. ಇಲ್ಲ ಅಂದರೆ ಸುಳ್ಳಾಗುತ್ತದೆ. ಕೈರಂಪಣಿ ಬಲೆಯನ್ನು ದಡಕ್ಕೆ ಎಳೆಯುವಾಗ ಬಂಗಡೆ, ತಾರ್ಲೆ ಜೊತೆ ಒಂದೊಂದು ಬರುತ್ತದೆ. ಆದರೆ ಅದು ಪೂರ್ತಿ ನೀರಿನ ಜೀವ. ಬಾಲ ಈಜಲಿಕ್ಕೆ ಅಂತಲೇ ಚಪ್ಪಟೆಯಾಗಿದೆ. ನೆಲದ ಹಾವಿಗೆ ಹೊಟ್ಟೆಯ ಕೆಳಗೆ ಅಗಲವಾದ ಹುರುಪೆ ಇರುತ್ತದಲ್ಲ, ಅದರ ಹಿಡಿತದಿಂದಲೇ ಅದು ಹರಿಯುವುದು. ಇದಕ್ಕೆ ಅದಿಲ್ಲ. ಮರಳಿಗೆ ಬಿದ್ದರೆ ಬಿದ್ದಲ್ಲೇ ಹೊರಳುತ್ತದೆ, ಅಟ್ಟಿಸಿಕೊಂಡು ಬರುವ ಮಾತೇ ಇಲ್ಲ. ಮರಿ ಹಾಕುವುದೂ ನೀರಿನಲ್ಲೇ, ಹಾಗಾಗಿ ದಡಕ್ಕೆ ಬರಬೇಕಾದ ಕೆಲಸ ಅದಕ್ಕಿಲ್ಲ. ನೀವು ಅಂಡಮಾನಿನ ಬಗ್ಗೆ ಓದಿದ್ದು ಬೇರೆ ಜಾತಿ. ಅದು ಮೊಟ್ಟೆ ಇಡಲು, ಪೊರೆ ಬಿಡಲು, ಸುಮ್ನೆ ಮಲಗಲು ಬಂಡೆ ಹತ್ತುತ್ತದೆ. ಅದೂ ಪಾಪದ್ದೇ, ಮುಟ್ಟದೆ ಇದ್ದರೆ ಏನೂ ಮಾಡಲ್ಲ.

ನಮ್ಮ ಮರಳಿನಲ್ಲಿ ಕಡಲ ಹಾವು ಕಂಡರೆ ಅದು ಬಲೆಯಿಂದ ಬಿಸಾಡಿದ್ದು, ಇಲ್ಲಾ ಅಲೆ ತಂದು ಹಾಕಿದ್ದು. ಸತ್ತ ಹಾಗೆ ಕಂಡರೂ ಮಗಳು ಕಡ್ಡಿಯಿಂದಲೂ ತಿವಿಯಬಾರದು. ಹಲ್ಲು ಸಣ್ಣದು, ವಿಷ ಸಣ್ಣದಲ್ಲ. ಕಚ್ಚಿಸಿಕೊಳ್ಳುವವರು ಹೆಚ್ಚಾಗಿ ಬಲೆ ಬಿಡಿಸುವ ನಮ್ಮವರು, ಈಜುವವರು ಬಹಳ ಕಮ್ಮಿ. ಬೆಳಿಗ್ಗೆ ಬಲೆ ಎಳೆಯುವುದನ್ನು ನೋಡಲು ಮಕ್ಕಳು ಓಡುತ್ತಾರೆ. ಓಡಲಿ, ನೋಡಲಿ. ಮೀನಿನ ರಾಶಿಗೆ ಮಾತ್ರ ಕೈ ಹಾಕಬಾರದು. ಅದರಲ್ಲಿ ತೊರಕೆ ಮೀನು ಇದ್ದರೆ ಅದರ ಬಾಲದ ಮುಳ್ಳು ಸಾಕು, ಇಡೀ ದಿನ ಅಳಲಿಕ್ಕೆ.

ಇನ್ನೊಂದು, ನೀರು ಇಳಿದಾಗ ಬಂಡೆ ಸಂದಿಯ ಹೊಂಡದಲ್ಲಿ ಉದ್ದಕ್ಕೆ ಏನೋ ಜಾರಿ ಹೋದರೆ ಚೀರಬೇಡಿ. ಅದು ಹೆಚ್ಚಾಗಿ ಹಾವುಮೀನು. ಹೆಸರು ಹಾವು, ಜಾತಿ ಮೀನು. ಅದರ ಸಂದಿಗೂ ಕೈ ಹಾಕಬೇಡಿ, ಅದೂ ಕಚ್ಚುತ್ತದೆ.

ಆಮೇಲೆ ಬರಿ ಮರಳು. ಅಲ್ಲಿ ನೆಲದ ಹಾವಿಗೆ ಏನೂ ಇಲ್ಲ. ಅಡಗಲು ಜಾಗ ಇಲ್ಲ, ತಿನ್ನಲು ಇಲಿ ಕಪ್ಪೆ ಇಲ್ಲ, ತಲೆ ಮೇಲೆ ಹದ್ದು ಸುತ್ತುತ್ತಿರುತ್ತದೆ. ಹಗಲು ಹೊತ್ತಿನಲ್ಲಿ ಬಯಲು ಮರಳಿನ ಮೇಲೆ ಆರಾಮಾಗಿ ಕೂತುಕೊಳ್ಳಿ.

ಹಾವಿನ ರಾಜ್ಯ ಶುರುವಾಗುವುದು ಮರಳು ಮುಗಿದ ಮೇಲೆ. ಕೇದಿಗೆ ಹಿಂಡು, ತೆಂಗಿನ ಸಿಪ್ಪೆಯ ರಾಶಿ, ಚಿರೆಕಲ್ಲಿನ ಪಾಗಾರದ (ಕಾಂಪೌಂಡ್ ಗೋಡೆಯ) ಸಂದಿ, ಹೋಟೆಲಿನ ಹಿಂದೆ ಮುಸುರೆ ಚೆಲ್ಲುವ ಜಾಗ. ಮುಸುರೆ ಇದ್ದಲ್ಲಿ ಇಲಿ, ಇಲಿ ಇದ್ದಲ್ಲಿ ಕೇರೆಹಾವು, ನಾಗರಹಾವು. ನೀವು ರೂಮು ನೋಡುವಾಗ ಸಮುದ್ರ ಎಷ್ಟು ಕಾಣುತ್ತದೆ ಅಂತ ನೋಡಬೇಡಿ, ಹಿಂದೆ ಹೋಗಿ ಕಸ ಎಲ್ಲಿ ಹಾಕುತ್ತಾರೆ ಅಂತ ನೋಡಿ. ಓನರ್‌ಗೆ ಸಿಟ್ಟು ಬಂದರೆ ಬರಲಿ.

ಗುಡ್ಡದ ದಾರಿಯ ವಿಷಯ. ಮಳೆಗಾಲ ಮುಗಿದ ಹೊಸತರಲ್ಲಿ ಗುಡ್ಡದ ಮೇಲೆ ಹುಲ್ಲು ಸೊಂಟದವರೆಗೆ ಇರುತ್ತದೆ. ಅಲ್ಲಿ ಕೊಳಕುಮಂಡಲ ಇರಬಹುದು. ಬೇರೆ ಹಾವು ಹೆಜ್ಜೆ ಸದ್ದಿಗೆ ಜಾಗ ಬಿಡುತ್ತದೆ, ಇದು ಬಿಡುವುದು ಕಮ್ಮಿ. ಸುತ್ತಿಕೊಂಡು ಅಲ್ಲೇ ಕೂತು ಕುಕ್ಕರಿನ ಹಾಗೆ ಬುಸ್ ಅನ್ನುತ್ತದೆ. ಆ ಸದ್ದು ಕೇಳಿದರೆ ನಿಂತುಬಿಡಿ. ಎಲ್ಲಿದೆ ಅಂತ ಕಂಡಮೇಲೆ ಬಂದ ದಾರಿಯಲ್ಲೇ ಹಿಂದಕ್ಕೆ ಸರಿಯಿರಿ. ಹಗಲಲ್ಲಿ, ಶೂ ಹಾಕಿ, ತುಳಿದು ಸವೆದ ದಾರಿಯಲ್ಲೇ ಹೋದರೆ ಅಷ್ಟೇನೂ ಭಯ ಇಲ್ಲ. ನಾನು ನೋಡಿದ ಹಾಗೆ ಪ್ರವಾಸಿಗರ ತಾಪತ್ರಯ ಬೇರೆಯೇ. ಸೂರ್ಯ ಮುಳುಗುವವರೆಗೆ ಓಂ ಬೀಚಿನಲ್ಲಿ ಕೂರುತ್ತಾರೆ. ಕತ್ತಲಾದ ಮೇಲೆ ಬರಿಗಾಲಲ್ಲಿ, ಕೈಯಲ್ಲಿ ಚಪ್ಪಲಿ ಹಿಡಿದು, ಎಂಟು ಪರ್ಸೆಂಟ್ ಚಾರ್ಜ್ ಇರುವ ಮೊಬೈಲಿನ ಬೆಳಕಲ್ಲಿ ಗುಡ್ಡ ಇಳಿಯುತ್ತಾರೆ! ಸಂಜೆಗೆ ಆಟೋ ಮಾಡಿ ಮಾರಾಯ್ರೆ.

ಕಾಳಿಂಗ ಸರ್ಪದ ಬಗ್ಗೆ ನೀವು ಕೇಳಿಲ್ಲ, ಆದರೆ ಯಾರಾದರೂ ಹೆದರಿಸಿಯೇ ಹೆದರಿಸುತ್ತಾರೆ. ಅದು ಘಟ್ಟದ ಕಾಡಿನದು, ಕಾಡಂಚಿನ ಊರುಗಳ ತೋಟಕ್ಕೂ ಬರುತ್ತದೆ. ಬೀಚಿನ ಗುಡಿಸಲು ಅದರ ಜಾಗ ಅಲ್ಲ.

ಕೊನೆಗೆ ಗುಡಿಸಲು. ಗರಿಯ ಮಾಡಿನಲ್ಲಿ ಇಲಿ ಓಡಾಡುವುದು ಮಾಮೂಲು. ನನಗೆ ಚಿಂತೆ ಇರುವುದು ನೆಲದ ಹಾಸಿಗೆ ಬಗ್ಗೆ. ಕಟ್ಟುಹಾವು ಓಡಾಡುವುದು ರಾತ್ರಿ. ಒಳಗೆ ಬಂದರೆ ನೆಲದ ಹಾಸಿಗೆಗೆ ನುಸುಳುತ್ತದೆ, ಮಲಗಿದವರು ಮಗ್ಗುಲು ಬದಲಾಯಿಸಿದಾಗ ಕಚ್ಚುತ್ತದೆ. ಮಂಚ ಕೇಳಿ, ಸೊಳ್ಳೆಪರದೆ ಕೇಳಿ, ಪರದೆಯ ಅಂಚು ಹಾಸಿಗೆಯ ಅಡಿಗೆ ಸಿಕ್ಕಿಸಿ. ಇಷ್ಟು ಮಾಡಿದರೆ ಆ ಭಯ ಬಹಳ ಮಟ್ಟಿಗೆ ಮುಗಿಯಿತು. ಚಪ್ಪಲಿ ಕೊಡವಿ ಹಾಕಿ. ತಿಂಡಿ ಪೊಟ್ಟಣ ನೆಲದಲ್ಲಿ ಬಿಡಬೇಡಿ.

ನನ್ನನ್ನು ಕೇಳಿದರೆ ಅತ್ತೆಯವರು ಇರುವಾಗ ಹೊರಗಿನ ಬಚ್ಚಲಿನ ಗುಡಿಸಲೇ ಬೇಡ. ಹಾವಿಗಾಗಿ ಅಲ್ಲ. ರಾತ್ರಿ ಒದ್ದೆ ಕಲ್ಲಿನ ಮೇಲೆ ಜಾರಿ ಬೀಳುತ್ತಾರೆ.

ನೈಟ್ ಡ್ಯೂಟಿ:

ಕರಾವಳಿಯ ಸರ್ಕಾರಿ ಆಸ್ಪತ್ರೆಯೊಂದರಲ್ಲಿ ನರ್ಸ್ ಆಗಿದ್ದೇನೆ. ಮೇಲೆ ಬರೆದವರು ಬಿಟ್ಟ ಭಾಗ ನಾನು ಹೇಳುತ್ತೇನೆ.

ಮೇಡಂ, ಕಚ್ಚಿದರೆ ಹಗ್ಗ ಬಿಗಿಯಬೇಡಿ, ಬ್ಲೇಡ್ ಹಾಕಬೇಡಿ, ಬಾಯಿಂದ ಹೀರಬೇಡಿ. ಉಂಗುರ, ಬಳೆ, ಕಾಲ್ಗೆಜ್ಜೆ ತೆಗೆಯಿರಿ, ಊದಿಕೊಂಡರೆ ಆಮೇಲೆ ಬರಲ್ಲ. ಕಚ್ಚಿದ ಕೈಕಾಲು ಅಲುಗಾಡದ ಹಾಗೆ ಇಟ್ಟು 108ಕ್ಕೆ ಫೋನ್ ಮಾಡಿ. ನಡೆಸಿಕೊಂಡು ಹೋಗಬೇಡಿ, ಎತ್ತಿಕೊಂಡು ಹೋಗಿ. ಗೋಕರ್ಣದಲ್ಲೇ ಸರ್ಕಾರಿ ಆಸ್ಪತ್ರೆ ಇದೆ. ಅಲ್ಲಿಂದ ಮುಂದೆ ಅಂದರೆ ಕುಮಟಾ ತಾಲೂಕು ಆಸ್ಪತ್ರೆ, ಸುಮಾರು 30 ಕಿ.ಮೀ. ಇನ್ನೂ ದೊಡ್ಡದು ಬೇಕಾದರೆ ಕಾರವಾರದ ಮೆಡಿಕಲ್ ಕಾಲೇಜು ಆಸ್ಪತ್ರೆ. ಹೋದ ದಿನವೇ ರೂಮಿನವರ ಹತ್ತಿರ ಕೇಳಿ, ಇಂಜೆಕ್ಷನ್ ಎಲ್ಲಿ ಇಟ್ಟಿರುತ್ತಾರೆ ಅಂತ. ಸ್ಥಳೀಯರಿಗೆ ಗೊತ್ತಿರುತ್ತದೆ.

ಹಾವನ್ನು ಕೊಂದು ಕವರಿನಲ್ಲಿ ಹಾಕಿಕೊಂಡು ಬರುವವರು ಇನ್ನೂ ಇದ್ದಾರೆ. ಒಮ್ಮೆ ನಮ್ಮ ಟೇಬಲ್ ಮೇಲೆ ಇಟ್ಟ ಕವರ್ ಅಲ್ಲಾಡಿತು. ಅದನ್ನು ಇಲ್ಲಿ ವಿವರಿಸಲ್ಲ, ನಿಮ್ಮ ಮೊಬೈಲಿನ ಕ್ಷೇಮಕ್ಕಾಗಿ. ನಮಗೆ ಹಾವು ಬೇಕಾಗಿಲ್ಲ. ಸ್ವಲ್ಪ ರಕ್ತ ತೆಗೆದು ಒಣಗಿದ ಗಾಜಿನ ಟ್ಯೂಬಿಗೆ ಹಾಕಿ 20 ನಿಮಿಷ ಅಲುಗಾಡಿಸದೆ ಬಿಡುತ್ತೇವೆ. ಹೆಪ್ಪುಗಟ್ಟಲಿಲ್ಲ ಅಂದರೆ ಮಂಡಲದ ವಿಷ ಅಂತ ಅರ್ಥ. ರೆಪ್ಪೆ ಬಾಗಿ ಮುಚ್ಚಿಕೊಳ್ಳುತ್ತಿದ್ದರೆ, ಮಾತು ತೊದಲುತ್ತಿದ್ದರೆ ನಾಗರ ಅಥವಾ ಕಟ್ಟುಹಾವು. ನಾವು ಕೊಡುವ ಇಂಜೆಕ್ಷನ್ ನಾಗರ, ಕಟ್ಟುಹಾವು, ಕೊಳಕುಮಂಡಲ, ಗರಗಸಮಂಡಲ ನಾಲ್ಕಕ್ಕೂ ಒಂದೇ. ಸಾಮಾನ್ಯವಾಗಿ 8ರಿಂದ 10 ವಯಲ್‌ನಿಂದ (ಔಷಧದ ಸಣ್ಣ ಸೀಸೆ) ಶುರು ಮಾಡುತ್ತೇವೆ.

ಕಟ್ಟುಹಾವಿನದು ಒಂದು ತೊಂದರೆ. ಕಚ್ಚಿದ್ದು ಎಷ್ಟೋ ಸಲ ಗೊತ್ತೇ ಆಗಲ್ಲ. ಗುರುತು ಇರಲ್ಲ, ನೋವಿರಲ್ಲ. ನೆಲದಲ್ಲಿ ಮಲಗಿದ್ದವರು ಬೆಳಗಿನ ಜಾವ ಹೊಟ್ಟೆನೋವು ಅಂತ ಎದ್ದು, ಕಣ್ಣು ಬಿಡಲು ಆಗುತ್ತಿಲ್ಲ ಅಂದರೆ ಗ್ಯಾಸ್ಟ್ರಿಕ್ ಅಂದುಕೊಂಡು ಕೂರಬಾರದು.

ಕಡಲ ಹಾವಿಗೆ ಈ ಇಂಜೆಕ್ಷನ್ ಕೆಲಸ ಮಾಡಲ್ಲ. ಅದನ್ನೂ ಹೇಳಿಬಿಡುತ್ತೇನೆ, ನಕ್ಷೆ ಕೇಳಿದ್ದೀರಿ ಅಂತ. ಮೈಕೈ ನೋವು, ಕಪ್ಪು ಮೂತ್ರ ನೋಡಿಕೊಂಡು, ಕಿಡ್ನಿ, ಉಸಿರಾಟ ಕಾಪಾಡುವುದೇ ಚಿಕಿತ್ಸೆ. ಆದರೆ ಪ್ರವಾಸಿಗರಿಗೆ ಕಡಲ ಹಾವು ಕಚ್ಚಿದ ಕೇಸ್ ನನ್ನ ಡ್ಯೂಟಿಯಲ್ಲಿ ಒಂದೂ ಬಂದಿಲ್ಲ.

ದೇಶದಲ್ಲಿ 2000ದಿಂದ 2019ರವರೆಗೆ ವರ್ಷಕ್ಕೆ ಸರಾಸರಿ 58,000 ಜನ ಹಾವು ಕಚ್ಚಿ ಸತ್ತಿದ್ದಾರೆ ಅನ್ನುವುದು ಅಂದಾಜು. ಈ ಅಂಕಿ ಓದಿ ಗಾಬರಿ ಆಗಬೇಡಿ. ಸಾಯುವವರು ಹೆಚ್ಚಾಗಿ ಹಳ್ಳಿಯವರು, ಗದ್ದೆ ಹೊಲದಲ್ಲಿ ದುಡಿಯುವವರು, ಆಸ್ಪತ್ರೆ ದೂರ ಇರುವವರು. 2024ರಲ್ಲಿ ಕರ್ನಾಟಕ ಸರ್ಕಾರ ಹಾವು ಕಡಿತವನ್ನು ಕಡ್ಡಾಯವಾಗಿ ವರದಿ ಮಾಡಬೇಕಾದ ಪಟ್ಟಿಗೆ ಸೇರಿಸಿದ್ದು ಅವರಿಗಾಗಿ.

ಬೀಚಿನಿಂದ ನಮ್ಮಲ್ಲಿಗೆ ಬರುವವರು ನೀರಿನಲ್ಲಿ ಮುಳುಗಿದವರು. 2024ರ ಡಿಸೆಂಬರ್‌ನಲ್ಲಿ ಮುರುಡೇಶ್ವರದಲ್ಲಿ ಶಾಲಾ ಪ್ರವಾಸಕ್ಕೆ ಬಂದಿದ್ದ ನಾಲ್ಕು ಹುಡುಗಿಯರು ತೀರಿಕೊಂಡದ್ದು ನಿಮಗೆ ನೆನಪಿರಬಹುದು. ದಸರಾ ಹೊತ್ತಿಗೆ ಕಡಲು ಇನ್ನೂ ಪೂರ್ತಿ ತಣ್ಣಗಾಗಿರಲ್ಲ. ಮಗಳ ಕಾಲಿಗೆ ಏನು ಸುತ್ತಿಕೊಳ್ಳುತ್ತದೆ ಅಂತ ನೋಡುವ ಬದಲು ನೀರು ಅವಳ ಮಂಡಿ ದಾಟಿತಾ ಅಂತ ನೋಡಿ. ಕೆಂಪು ಬಾವುಟ ಇದ್ದರೆ ಇಳಿಯಲೇಬೇಡಿ. ಲೈಫ್‌ಗಾರ್ಡ್ ಸೀಟಿ ಹೊಡೆದರೆ ಅವರ ಜೊತೆ ವಾದ ಮಾಡಬೇಡಿ ಅಂತ ನಿಮ್ಮನೆಯವರಿಗೂ ಹೇಳಿ.

ಹೆದರುಪುಕ್ಕಿ:

ನಾನೂ ನಿಮ್ಮ ಪಾರ್ಟಿ. ಟಿವಿಯಲ್ಲಿ ಬಂದರೂ ಕಾಲು ಮೇಲೆ ಎತ್ತಿಕೊಳ್ಳುತ್ತೇನೆ. ಈ ಭಯಕ್ಕೆ ಚಿಕಿತ್ಸೆ ಇದೆ. ಕೌನ್ಸೆಲರ್ ಜೊತೆ ಕೂತು ಸ್ವಲ್ಪ ಸ್ವಲ್ಪವೇ ಅಭ್ಯಾಸ ಮಾಡಿಸುತ್ತಾರೆ. ಮೊದಲು ಬರೀ ಮಾತು, ಆಮೇಲೆ ಗೆರೆಯ ಚಿತ್ರ, ಆಮೇಲೆ ಫೋಟೋ. ನಾನು ಗೆರೆಯ ಚಿತ್ರದವರೆಗೆ ಬಂದಿದ್ದೇನೆ, ಅದೇ ದೊಡ್ಡದು. ಟ್ರಿಪ್‌ಗೆ ಮಾತ್ರ ಒಂದು ಸಲಹೆ. ಟಾರ್ಚ್ ನಿಮ್ಮದೇ ಇರಲಿ. ಗಂಡಂದಿರ ಕೈಗೆ ಕೊಟ್ಟರೆ ಮರದ ಮೇಲೆಲ್ಲ ಬಿಡುತ್ತಾರೆ, ಕಾಲ ಕೆಳಗೆ ಬಿಡಲ್ಲ. ಮತ್ತೆ ರಾತ್ರಿ ರೀಲ್ಸ್ ನೋಡಬೇಡಿ. ಶೂ ಒಳಗೆ ಹಾವು, ಕಮೋಡ್ ಒಳಗೆ ಹಾವು, ಒಂದು ನೋಡಿದರೆ ಹತ್ತು ಬರುತ್ತವೆ.

ಬೆಣ್ಣೆದೋಸೆ:

ಎಲ್ಲರಿಗೂ ಥ್ಯಾಂಕ್ಸ್. ಇಡೀ ಥ್ರೆಡ್ಡನ್ನು ಇವರಿಗೆ ಜೋರಾಗಿ ಓದಿ ಹೇಳಿದೆ. ಹಾವಿನ ಭಾಗಕ್ಕೆಲ್ಲ ನಕ್ಕರು. ಅತ್ತೆ ಜಾರಿ ಬೀಳುವ ಭಾಗಕ್ಕೆ ಮಾತ್ರ ತಕ್ಷಣ ಫೋನ್ ತೆಗೆದು ಬುಕಿಂಗ್ ಬದಲಾಯಿಸಿದರು! ಇರಲಿ, ನನಗೆ ಸಿಮೆಂಟ್ ನೆಲ, ಮಂಚ, ಒಳಗೇ ಬಚ್ಚಲು ಸಿಕ್ಕಿತು. ಗುಡ್ಡದ ದಾರಿ ಹಗಲಲ್ಲಿ ಹೋಗೋಣ ಅಂತ ಒಪ್ಪಿದ್ದೇನೆ, ನಾನು ನಡುವೆ ನಡೆಯುವುದು ಅನ್ನುವ ಷರತ್ತಿನ ಮೇಲೆ.

@ಅಘನಾಶಿನಿ, ಹೊಸ ರೂಮೂ ಕುಡ್ಲೆಯಲ್ಲೇ. ಅತ್ತೆಗೆ ಮಂಡಿ ನೋವು. ಆಟೋ ಬಾಗಿಲವರೆಗೆ ಬರುತ್ತದಾ?

ಅಘನಾಶಿನಿ:

ಬಾಗಿಲವರೆಗೆ ಬರಲ್ಲ ಅಕ್ಕಾ. ಮೇಲೆ ಪಾರ್ಕಿಂಗ್‌ವರೆಗೆ ಬರುತ್ತದೆ, ಅಲ್ಲಿಂದ ಇಳಿಯಬೇಕು, ವಾಪಸ್ ಬರುವಾಗ ಹತ್ತಬೇಕು. ಮಂಡಿ ನೋವಿದ್ದರೆ ಕಷ್ಟವೇ. ದೇವಸ್ಥಾನದ ಬೀದಿಯ ಹತ್ತಿರ ರೂಮು ಮಾಡಿದರೆ ಅತ್ತೆಗೆ ದರ್ಶನವೂ ಹತ್ತಿರ, ಊರಿನ ಬೀಚೂ ನಡೆದು ಹೋಗುವಷ್ಟು ದೂರ. ಕುಡ್ಲೆಗೆ ನೀವು ಮೂವರು ಹಗಲು ಹೋಗಿ ಬನ್ನಿ. ಇನ್ನೊಮ್ಮೆ ಬುಕಿಂಗ್ ಬದಲಾಯಿಸಿ ಅಂತ ನಿಮ್ಮನೆಯವರಿಗೆ ನಾನು ಹೇಳಿದೆ ಅನ್ನಬೇಡಿ.