ಜೆಲ್ಲಿ ಫಿಶ್ ವಿಷ ಚೇಳಿನ ವಿಷದಂಗೇನ್ರಿ?

ಪ್ರಶ್ನೆ (ಯಾದಗಿರಿಯಿಂದ): ಸರ, ನಮ್ಮ ತಂಗಿ ಮಗ ಗೋಕರ್ಣದಾಗ ಸಮುದ್ರಕ್ಕ ಇಳಿದಾಗ ಕಾಲಿಗೆ ಜೆಲ್ಲಿ ಫಿಶ್ ತಾಗೇದ. ಬಾಸುಂಡೆ ಎದ್ದಾವ. ಗೆಳೆಯರು ಬಾಟಲಿ ನೀರು ಸುರುವಿದ್ರ ಉರಿ ಇನ್ನಷ್ಟು ಏರಿತಂತ. ಈ ವಿಷದಾಗ ಕಿಣ್ವ ಇರ್ತಾವಂತ ಓದಿದೆ. ಕಿಣ್ವ ಅಂದ್ರ ಉಂಡದ್ದು ಅರಗಸೋದಲ್ಲೇನ್ರಿ? ಅದು ನರಕ್ಕ ಹೆಂಗ ವಿಷ ಆಗ್ತದ? ನಾಗರಪಂಚಮಿಗೆ ಕಂದಕೂರ ಗುಡ್ಡದಾಗ ಚೇಳು ಕೈಯಾಗ ಹಿಡಿಯೋದು ಕಂಡವರು ನಾವು, ಇದು ಮಾತ್ರ ಹೊಸದು. ಇದರ ವಿಷ ಚೇಳಿನ ವಿಷದಂಗೇನ್ರಿ?

ಉತ್ತರ (ಜೀವರಸಾಯನ ಮೇಷ್ಟ್ರು, ಕಲಬುರಗಿ): ಮೊದಲು ಆ ನೀರಿನ ಮಾತು. ಜೆಲ್ಲಿ ಫಿಶ್‌ನ ದಾರದಂಥ ಕೈಗಳ ತುಂಬ ಕುಟುಕುಕಣಗಳು. ಒಂದೊಂದರಾಗೂ ಸುರುಳಿ ಸುತ್ತಿದ ಪೊಳ್ಳು ಮುಳ್ಳು. ತೊಗಲಿಗೆ ಅಂಟಿದ ಕಣ ಎಲ್ಲಾ ಆಗಲೇ ಸಿಡಿದಿರೂದಿಲ್ಲ. ಸಿಹಿನೀರು ಬಿದ್ದ ಕೂಡಲೇ ಉಳಿದವೂ ಸಿಡೀತಾವ. ಸಮುದ್ರದ ನೀರಿನಿಂದಲೇ ತೊಳೀಬೇಕಿತ್ತು. ಆಮೇಲೆ ದಾರ ಚಿಮಟಿಗೆಯಿಂದ ತೆಗೆದು, ತಾಳುವಷ್ಟು ಬಿಸಿ, ಅಂದ್ರ ಸುಮಾರು 45 ಡಿಗ್ರಿ ನೀರಿನಾಗ ಕಾಲು ಇಟ್ಟರೆ ನೋವು ಇಳೀತದ.

ಕಿಣ್ವದ ಬಗ್ಗೆ ನಿಮ್ಮ ಅನುಮಾನ ಛಲೋ ಅದ. ಈ ವಿಷದಾಗಿನ ಫಾಸ್ಫೋಲೈಪೇಸ್ ಎ2 ಅನ್ನೋ ಕಿಣ್ವ ಜೀವಕೋಶದ ಪೊರೆಯ ಕೊಬ್ಬನ್ನ ಕತ್ತರಿಸ್ತದ. ಇದರ ಬಳಗದ್ದೇ ಒಂದು ನಮ್ಮ ಮೇದೋಜೀರಕ ರಸದಾಗ ಕೂತು ಊಟದ ಕೊಬ್ಬು ಅರಗಸ್ತದ! ಕೆಲಸ ಒಂದೇ, ಜಾಗ ಬ್ಯಾರೆ. ಕಟ್ಟು ಹಾವಿನ ವಿಷದಾಗ ಅದೇ ಬಳಗದ ಕಿಣ್ವ ನರದ ತುದಿಗೇ ಹೋಗಿ ಕೆಡಸ್ತದ, ಹಂಗಾಗಿ ಮೈ ಸೋಲ್ತದ. ಆದರ ಜೆಲ್ಲಿ ಫಿಶ್‌ನಂಥ ಕುಟುಕುಕಣ ಇರೋ ಪ್ರಾಣಿಗಳಲ್ಲಿ ನರಕ್ಕ ಹೊಡೆಯೋದು ಹೆಚ್ಚಾಗಿ ಕಿಣ್ವ ಅಲ್ಲ, ಸಣ್ಣ ಪ್ರೋಟೀನು. ಕಡಲ ಹೂವು (ಸೀ ಅನಿಮೋನ್) ಅಂದ್ರ ಜೆಲ್ಲಿ ಫಿಶ್ ಬಳಗದ್ದೇ ಪ್ರಾಣಿ; ಅದರ ವಿಷ ನರದ ಸೋಡಿಯಂ ಬಾಗಿಲು, ಅಂದ್ರ ಸೋಡಿಯಂ ಒಳಗ ಬರೋ ದಾರಿ, ಮುಚ್ಚದಂಗ ಹಿಡೀತದ. ಕೆಲವು ಚೇಳಿನ ವಿಷವೂ ಅದೇ ಬಾಗಿಲಿನ ಅದೇ ಜಾಗಕ್ಕ ಅಂಟ್ತದ. ಹೀಂಗಾಗಿ ನಿಮ್ಮ ಕಂದಕೂರಿನ ಹೋಲಿಕೆ ಸುಳ್ಳಲ್ಲ.

ಪ್ರಶ್ನೆ: ಹಂಗಾದ್ರ ಹಾವಿನ ಇಂಜೆಕ್ಷನ್ ಹಾಕಸಬೇಕೇನ್ರಿ?

ಉತ್ತರ: ಬ್ಯಾಡ್ರಿ. ನಮ್ಮ ದೇಶದ ಆ ಔಷಧ ನಾಗರ, ಕಟ್ಟು, ಕೊಳಕುಮಂಡಲ, ಗರಗಸ ಮಂಡಲ ಈ ನಾಲ್ಕಕ್ಕ ಮಾತ್ರ. ಹುಡುಗ ಮತ್ತ ಸಮುದ್ರಕ್ಕ ಹೋದರ ಹುಷಾರ್, ಎರಡನೇ ಸಲ ತಾಗಿದರ ಅಲರ್ಜಿ ಆಗಬಹುದು. ಫ್ರಾನ್ಸಿನ ವಿಜ್ಞಾನಿಗಳು ರಿಶೆ ಮತ್ತು ಪೋರ್ಟಿಯೆ ಕಡಲ ಹೂವಿನ ವಿಷ ಕೊಟ್ಟು ಬದುಕಿದ್ದ ನಾಯಿಗೆ ಕೆಲವು ವಾರ ಬಿಟ್ಟು ಮತ್ತ ಕೊಟ್ಟರು. ಅರ್ಧ ತಾಸಿನೊಳಗ ಸತ್ತಿತು. ತೀವ್ರ ಅಲರ್ಜಿ ಗೊತ್ತಾದದ್ದು ಅಲ್ಲಿಂದ, ರಿಶೆಗೆ 1913ರಾಗ ನೊಬೆಲ್ ಬಂತು. ಉಸಿರು ಕಟ್ಟಿದರ, ಮಾರಿ ಬಾತರ ತಡ ಮಾಡದೆ ದವಾಖಾನಿ.

ಮತ್ತೊಬ್ಬರು (ಬೀದರ): ಉಳ್ಳಾಗಡ್ಡಿ ರಸ ತಿಕ್ಕಿದರ ಹೆಂಗ್ರಿ ಸರ?

ಉತ್ತರ: ತಿಕ್ಕಿದಷ್ಟೂ ಕಣ ಸಿಡೀತಾವ. ಉಳ್ಳಾಗಡ್ಡಿ ರೊಟ್ಟಿ ಜೋಡಿ ಇರಲಿ ಬಿಡ್ರಿ.