ಮನೆ ತೋಟಕ್ಕೆ ಲಕ್ಕೋಟೆ ಹಣ್ಣು: ಯಾವ ತಳಿ ನೆಡುವುದು?

ಪ್ರಶ್ನೆ: ಹಿತ್ತಲಲ್ಲಿ ಒಂದೇ ಮರಕ್ಕೆ ಜಾಗ ಇದೆ. ಲಕ್ಕೋಟೆ ಹಣ್ಣಿನಲ್ಲಿ (ಲೋಕಾಟ್) ಯಾವ ತಳಿ ಒಳ್ಳೆಯದು? ತಿಂದು ಎಸೆದ ಬೀಜದಿಂದಲೇ ಬೆಳೆಸಬಹುದೇ? ಬಲ್ಲವರು ತಿಳಿಸಿ.

ಉತ್ತರ: ಬೀಜ ಸುಲಭವಾಗಿ ಮೊಳೆಯುತ್ತದೆ, ತೊಂದರೆ ಆಮೇಲಿನದು. ಹಣ್ಣಿಗೆ ಎಂಟು-ಹತ್ತು ವರ್ಷ ಕಾಯಬೇಕಾದೀತು, ತಾಯಿಮರದ ಗುಣವೂ ಬರುವುದಿಲ್ಲ. ಕಸಿ ಗಿಡ ಎರಡು-ಮೂರು ವರ್ಷಕ್ಕೇ ಹೂ ಬಿಡುತ್ತದೆ. ಒಂದೇ ಮರವೆಂದರೆ ನನ್ನ ಮತ ಗೋಲ್ಡ್ ನಗೆಟ್‌ಗೆ. ತನ್ನ ಪರಾಗದಿಂದಲೇ ಕಾಯಿ ಕಟ್ಟುತ್ತದೆ, ಕಿತ್ತಳೆ ಬಣ್ಣದ ಗಟ್ಟಿ ತಿರುಳು, ದಪ್ಪ ಸಿಪ್ಪೆ, ಕೊಯ್ದ ಮೇಲೂ ಬೇಗ ಕೆಡದು. ತಡವಾಗಿ ಮಾಗುವ ತಳಿ. ಬೇಗ ಬೇಕಿದ್ದರೆ ಮೋಗಿ, ಆದರೆ ಹಣ್ಣು ಚಿಕ್ಕದು.

ಉತ್ತರ: ರುಚಿಯೇ ಮುಖ್ಯವಾದರೆ ಬಿಳಿ ತಿರುಳಿನವನ್ನು ಬಿಡಬೇಡಿ. ಶಾಂಪೇನ್ ತಳಿಯ ಹಣ್ಣಿನಲ್ಲಿ ರಸ ಹೆಚ್ಚು, ಹುಳಿ ಹಿತವಾಗಿರುತ್ತದೆ. ತಿರುಳು ಮೆತ್ತಗೆ, ಬೆರಳು ಒತ್ತಿದರೂ ಕಂದು ಕಲೆ ಬೀಳುತ್ತದೆ. ಮಾರುಕಟ್ಟೆಗೆ ಆಗದ ಈ ಗುಣ ಮನೆಯಲ್ಲಿ ತಿನ್ನುವವರಿಗೆ ಲೆಕ್ಕಕ್ಕಿಲ್ಲ. ಆದರೆ ಒಂಟಿ ಶಾಂಪೇನ್ ಮರ ಹೂ ತುಂಬಿದರೂ ಸರಿಯಾಗಿ ಕಾಯಿ ಕಟ್ಟುವುದಿಲ್ಲ, ಪಕ್ಕದಲ್ಲಿ ಬೇರೆ ತಳಿ ಬೇಕು. ಅಡ್ವಾನ್ಸ್ ತಳಿ ಅದಕ್ಕೆ ಸರಿಜೋಡಿ: ಹುಟ್ಟಾ ಕುಳ್ಳ, ಒಳ್ಳೆಯ ಪರಾಗದಾನಿ.

ಪ್ರಶ್ನೆ: ಜಾಗವೇ ಒಂದು ಮರದಷ್ಟು. ಎರಡನ್ನೂ ಒಂದೇ ಗುಣಿಯಲ್ಲಿ ನೆಡಬಹುದೇ?

ಉತ್ತರ: ಒಂದೂವರೆ-ಎರಡು ಅಡಿ ಅಂತರದಲ್ಲಿ ನೆಡಬಹುದು, ಆದರೆ ಜೋರಾಗಿ ಬೆಳೆಯುವುದನ್ನು ವರ್ಷವೂ ಸವರದಿದ್ದರೆ ಕುಳ್ಳ ಗಿಡ ನೆರಳಿಗೆ ಬಿದ್ದು ಸೊರಗುತ್ತದೆ. ಅದಕ್ಕಿಂತ ಶಾಂಪೇನ್ ಮರದ ಒಂದು ಕೊಂಬೆಗೆ ಅಡ್ವಾನ್ಸ್ ಕಡ್ಡಿಯನ್ನು ಸೀಳು ಕಸಿ (ಕೊಂಬೆಯ ತುದಿ ಸೀಳಿ ಕಡ್ಡಿ ಸಿಕ್ಕಿಸುವ ಕಸಿ) ಮಾಡಿಸಿ. ಬಿಸಿಲು ಬೀಳುವ ಕಡೆಯ ಕೊಂಬೆ ಆರಿಸಿ, ಗುರುತು ಕಟ್ಟಿ. ಗುರುತಿಲ್ಲದ ಆ ಕೊಂಬೆ ಮುಂದೆ ಯಾರದೋ ಕತ್ತರಿಗೆ ಸಿಕ್ಕರೆ ಫಸಲೇ ಹೋಯಿತು!

ಉತ್ತರ: ಚಳಿಯನ್ನೂ ನೋಡಿ. ಈ ಮರ ಹೂ ಬಿಡುವುದೇ ಚಳಿಗಾಲದ ಹೊಸ್ತಿಲಲ್ಲಿ. ಬಲಿತ ಮರ ಮೈನಸ್ 10 ಡಿಗ್ರಿ ಸೆಲ್ಸಿಯಸ್ ತಡೆದುಕೊಂಡರೂ ಎಳೆಗಾಯಿ ಮೈನಸ್ 3-4ಕ್ಕೇ ಕಪ್ಪಾಗುತ್ತದೆ. ಹಿಮ ಬೀಳುವಲ್ಲಿ ಮೋಗಿಗಿಂತ ತನಾಕಾ ತಳಿ ವಾಸಿ. ಬೇಸಿಗೆ ಉರಿಯುವ ಕಡೆ ಲೆಕ್ಕ ತಿರುಗುಮುರುಗು: ತಡವಾಗಿ ಮಾಗುವ ಹಣ್ಣಿನ ಸಿಪ್ಪೆ ಬಿಸಿಲಿಗೆ ಸುಡುತ್ತದೆ, ಅಲ್ಲಿ ಬೇಗ ಮಾಗುವವೇ ಸರಿ.

ಉತ್ತರ: ಬಿಗ್ ಜಿಮ್‌ನಂಥ ದೊಡ್ಡ ಹಣ್ಣಿನ ತಳಿ ತಂದೂ ಗೋಲಿ ಗಾತ್ರದ ಹಣ್ಣು ಬಂತೆಂದು ದೂರುವವರಿದ್ದಾರೆ. ಕಾಯಿ ತೆಗೆಯದಿದ್ದರೆ ಯಾವ ತಳಿಯೂ ಅಷ್ಟೇ. ಬಟಾಣಿ ಗಾತ್ರವಾದಾಗ ಗೊಂಚಲಿಗೆ ನಾಲ್ಕೈದು ಉಳಿಸಿ ಮಿಕ್ಕಿದ್ದನ್ನು ಚಿವುಟಿ, ಕಾಗದದ ಚೀಲ ಕಟ್ಟಿ. ಹಕ್ಕಿ, ಹಣ್ಣುನೊಣ ಎರಡಕ್ಕೂ ತಡೆ. ಸವರುವುದು ಕೊಯ್ಲು ಮುಗಿದ ಕೂಡಲೇ ಆಗಬೇಕು. ಹೂಗೊಂಚಲು ಹೊಸ ಚಿಗುರಿನ ತುದಿಯಲ್ಲಿ ಬರುವುದರಿಂದ ತಡಮಾಡಿದರೆ ಹೂವನ್ನೇ ಕತ್ತರಿಸಿದಂತೆ.

ಉತ್ತರ: ಗಿಡ ಕೊಳ್ಳುವಾಗ ಕಸಿ ಗಂಟು ನೋಡಿ, ಬೇರುಗಿಡ (ಕಸಿಗೆ ಬೇರು ಒದಗಿಸುವ ಗಿಡ) ಯಾವುದೆಂದು ಕೇಳಿ. ಕ್ವಿನ್ಸ್ (ಸೇಬಿನ ಬಳಗದ ಒಂದು ಹಣ್ಣಿನ ಗಿಡ) ಬೇರಿನ ಮೇಲಿನದು ಕುಳ್ಳಾಗಿ ಉಳಿಯುತ್ತದೆ, ಆದರೆ ಗಂಟಿನ ಕೆಳಗೆ ಬರುವ ಚಿಗುರನ್ನು ಆಗಾಗ ಕೀಳಬೇಕು. ನೀರು ನಿಲ್ಲುವ ಜಾಗ ಮಾತ್ರ ಬೇಡ, ಬೇರು ಕೊಳೆಯುತ್ತದೆ. ಹಣ್ಣನ್ನು ಮರದಲ್ಲೇ ಪೂರ್ತಿ ಬಣ್ಣ ತಿರುಗಲು ಬಿಟ್ಟು ತೊಟ್ಟಿನ ಸಮೇತ ಕತ್ತರಿಸಿ. ಹುಳಿಯಿರುವಾಗ ಕೊಯ್ದರೆ ಇಟ್ಟಷ್ಟು ದಿನ ಬಾಡುತ್ತದೆಯೇ ಹೊರತು ಸಿಹಿಯಾಗದು.